ಎರಡು ಒಡಲಿನ ದೋಣಿ: ಅಗಲದಲ್ಲಿದೆ ಅಭಯ

ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಭೀಮೆ ಜೇವರ್ಗಿ ಸೀಮೆಯ ಹೊಲಗಳಿಗೆ ನೀರುಣಿಸುತ್ತಾ ಸಾಗಿ, ಕೊನೆಗೆ ರಾಯಚೂರಿನ ಸಮೀಪ ಕೃಷ್ಣೆಯಲ್ಲಿ ಒಂದಾಗುತ್ತದೆ. ಈ ಮೂರು ತಾಲ್ಲೂಕುಗಳ ಜನರಿಗೆ ಸಮುದ್ರ ದೂರದ ಮಾತು. ಆದರೆ ನೀರು ದಾಟುವ ಕಷ್ಟ ದೂರದ್ದಲ್ಲ. ಬೇಸಿಗೆಯಲ್ಲಿ ಮರಳು ಕಾಣುವ ಹೊಳೆ, ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಸುರಿದು ಉಜನಿ ಜಲಾಶಯದ ಬಾಗಿಲು ತೆರೆದಾಗ ದಂಡೆ ಮೀರಿ ಊರೊಳಗೆ ಬರುತ್ತದೆ. 2020ರ ಅಕ್ಟೋಬರ್ ತಿಂಗಳಲ್ಲಿ ಆದದ್ದು ಅದೇ. ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳು ಜಲಾವೃತವಾದವು. ಜನರನ್ನು ಹೊರತರಲು ರಕ್ಷಣಾ ಪಡೆಗಳು ರಬ್ಬರ್ ದೋಣಿಗಳೊಂದಿಗೆ ಬಂದವು.

ಇಂಥ ರಬ್ಬರ್ ದೋಣಿಯನ್ನು ಗಮನಿಸಿದವರಿಗೆ ಒಂದು ಸಂಗತಿ ಕಂಡಿರುತ್ತದೆ. ಮುದುಕರು, ಮಕ್ಕಳು, ಗಂಟುಮೂಟೆ ಎಲ್ಲವನ್ನೂ ಹೇರಿದರೂ, ಜನ ಅದರ ಅಂಚಿನ ಮೇಲೆಯೇ ಕುಳಿತರೂ ಅದು ಸುಲಭವಾಗಿ ಮಗುಚುವುದಿಲ್ಲ. ಅದೇ ಜಾಗದಲ್ಲಿ ಉದ್ದನೆಯ ಕಿರಿದಾದ ಮರದ ದೋಣಿ ಇದ್ದಿದ್ದರೆ ಒಬ್ಬ ಎದ್ದು ನಿಂತರೂ ಎಲ್ಲರ ಎದೆ ನಡುಗುತ್ತಿತ್ತು. ಈ ವ್ಯತ್ಯಾಸಕ್ಕೆ ಕಾರಣವೇನು? ರಬ್ಬರ್ ದೋಣಿಯಲ್ಲಿ ತೇಲಿಸುವ ಶಕ್ತಿ ನಡುವಿನಲ್ಲಿಲ್ಲ, ಎರಡು ಅಂಚುಗಳಲ್ಲಿದೆ. ಗಾಳಿ ತುಂಬಿದ ದಪ್ಪ ಕೊಳವೆಗಳು ಎರಡೂ ಬದಿಗೆ ನಿಂತು ನಡುವಿನ ನೆಲವನ್ನು ಎತ್ತಿ ಹಿಡಿಯುತ್ತವೆ.

ಇದೇ ತತ್ವವನ್ನು ಪೂರ್ತಿಯಾಗಿ ದುಡಿಸಿಕೊಂಡಿರುವುದು ಇಂದು ಜಗತ್ತಿನ ಸಮುದ್ರಗಳಲ್ಲಿ ತಿಂಗಳುಗಟ್ಟಲೆ ಸಂಚರಿಸುವ, ಎರಡು ಒಡಲಿನ ಹಾಯಿದೋಣಿ. ಅದರ ಹೆಸರು ಕಟಮರಾನ್. ಹೆಸರು ಪರದೇಶದ್ದೆಂದು ತೋರಿದರೂ ಅದರೊಳಗಿನ ಎರಡೂ ಪದಗಳು ಕನ್ನಡಿಗರಿಗೆ ಮನೆಮಾತು: ಕಟ್ಟು ಮತ್ತು ಮರ.

ಬುಟ್ಟಿಯ ಕಾಲ

ಭೀಮೆ, ಕೃಷ್ಣೆ, ತುಂಗಭದ್ರೆಯರ ಸೀಮೆಯಲ್ಲಿ ಶತಮಾನಗಳ ಕಾಲ ಜನರನ್ನು ದಾಟಿಸಿದ್ದು ಹರಿಗೋಲು. ಬಿದಿರಿನಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿ ಅದು. ಜೇವರ್ಗಿಗೆ ಹೋಗುವ ದಾರಿಯಲ್ಲಿ, ಭೀಮೆಯ ದಂಡೆಯ ಮೇಲೆ ಫಿರೋಜಾಬಾದ್ ಎಂಬ ನಗರವನ್ನು ಕಟ್ಟಿಸಿದ ಬಹಮನಿ ಸುಲ್ತಾನ ಫಿರೋಜ್ ಶಾಹ, ವಿಜಯನಗರದ ಮೇಲಿನ ಯುದ್ಧದಲ್ಲಿ ತುಂಬಿದ ಕೃಷ್ಣೆಯನ್ನು ದಾಟಲು ತನ್ನ ಸೈನಿಕರಿಗೆ ಚರ್ಮ ಹೊದಿಸಿದ ಇಂಥ ಬುಟ್ಟಿಗಳನ್ನೇ ಸಿದ್ಧಪಡಿಸಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಹರಿಗೋಲುಗಳನ್ನು ಕಂಡ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆ, ಆದರೆ ಇವು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆ ಎಂದು ದಾಖಲಿಸಿದ.

ಪಾಯೆಸ್ ಗುರುತಿಸಿದ್ದು ಹರಿಗೋಲಿನ ಗುಣವನ್ನೂ ಹೌದು, ದೋಷವನ್ನೂ ಹೌದು. ದುಂಡಗೆ ಅಗಲವಾಗಿರುವುದರಿಂದ ಅದು ಬೇಗ ವಾಲುವುದಿಲ್ಲ. ಆದರೆ ಮುಂದು ಹಿಂದು ಎಂಬುದಿಲ್ಲದ್ದರಿಂದ ಅದಕ್ಕೆ ದಿಕ್ಕೂ ಇಲ್ಲ. ಉದ್ದನೆಯ ದೋಣಿಗೆ ದಿಕ್ಕು ಉಂಟು, ವೇಗ ಉಂಟು. ಆದರೆ ಅದು ಬೇಗ ವಾಲುತ್ತದೆ. ಅಗಲ ಬೇಕೋ, ಉದ್ದ ಬೇಕೋ ಎಂಬ ಈ ಇಕ್ಕಟ್ಟಿಗೆ ಜಗತ್ತಿನ ಹಲವೆಡೆ ಜನ ಕಂಡುಕೊಂಡ ಉಪಾಯ ಒಂದೇ. ಎರಡು ಉದ್ದನೆಯ ದೋಣಿಗಳನ್ನು ದೂರದೂರ ನಿಲ್ಲಿಸಿ ನಡುವೆ ಹಲಗೆ ಹಾಸುವುದು.

ಕರ್ನಾಟಕಕ್ಕೂ ಈ ಉಪಾಯ ಹೊಸದಲ್ಲ. ಸೇತುವೆಗಳು ಬರುವ ಮುಂಚೆ ಕರಾವಳಿಯ ಹೊಳೆಗಳಲ್ಲಿ ಗಾಡಿ, ಮೋಟಾರುಗಳನ್ನು ದಾಟಿಸುತ್ತಿದ್ದ ಜಂಗಲ್ ಎಂಬುದು ಎರಡು ದೋಣಿಗಳ ಮೇಲೆ ಹಲಗೆ ಹಾಸಿದ ಅಟ್ಟವೇ. ಕೇರಳದಲ್ಲಿ ಇದನ್ನು ಜಂಗಾರ್ ಎನ್ನುತ್ತಾರೆ. ಮಲಯಾಳದ ಚಂಗಾಡಂ ಎಂಬ ಪದ ಪೋರ್ಚುಗೀಸರ ಬಾಯಲ್ಲಿ ಜಂಗಾದ ಆಗಿ ಮತ್ತೆ ನಮ್ಮ ತೀರಕ್ಕೆ ಮರಳಿದ್ದು ಹೀಗೆ. ಇದರ ಬೇರು ಸಂಸ್ಕೃತದ ಸಂಘಾಟ, ಅಂದರೆ ಜೋಡಣೆ. ಕನ್ನಡದ 'ಸಂಗಡ' ಎಂಬ ಮಾತಿಗೂ ಇದೇ ಬಳಗದ ಮೂಲವನ್ನು ಹೇಳುವುದುಂಟು. ಒಂದರ ಸಂಗಡ ಇನ್ನೊಂದು ದೋಣಿ ಎಂದರೆ ಅರ್ಥವೂ ಸರಿಹೊಂದುತ್ತದೆ. ನಂಜನಗೂಡಿನ ಕಪಿಲೆಯಲ್ಲಿ ಶ್ರೀಕಂಠೇಶ್ವರನ ಉತ್ಸವಮೂರ್ತಿ ಸಾಗುವ ತೆಪ್ಪವನ್ನು ನೋಡಿದವರಿಗೆ ಈ ಜೋಡಣೆಯ ಗಟ್ಟಿತನ ಗೊತ್ತು. ಮಂಟಪ, ದೀಪ, ಅರ್ಚಕರು, ವಾದ್ಯದವರು ಎಲ್ಲರನ್ನೂ ಹೊತ್ತು ಅದು ಅಲುಗದೆ ಸಾಗುತ್ತದೆ.

ಹೆಸರು ಒಬ್ಬರದು, ದೋಣಿ ಇನ್ನೊಬ್ಬರದು

ಕಟ್ಟುಮರಂ ಎಂಬುದು ತಮಿಳುನಾಡಿನ ಮೀನುಗಾರರ ತೆಪ್ಪ. ಮೂರೋ ನಾಲ್ಕೋ ಹಗುರ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಹಗ್ಗದಿಂದ ಬಿಗಿದರೆ ಅದು ಸಿದ್ಧ. ಹದಿನೇಳನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ಕೋರಮಂಡಲ ತೀರದ ಈ ತೆಪ್ಪವನ್ನು ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ. ಹೆಸರು ಯುರೋಪಿಗೆ ಹೋಯಿತು. ಆದರೆ ಕಟ್ಟುಮರಕ್ಕೆ ಎರಡು ಒಡಲುಗಳಿಲ್ಲ, ನಡುವೆ ಖಾಲಿ ಜಾಗವೂ ಇಲ್ಲ. ಎರಡು ಒಡಲಿನ ದೋಣಿಯ ನಿಜವಾದ ತವರು ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳು. ಅಲ್ಲಿನ ಜನ ಎರಡು ಉದ್ದ ದೋಣಿಗಳನ್ನು ಅಡ್ಡತೊಲೆಗಳಿಂದ ಜೋಡಿಸಿ, ನಡುವೆ ಅಟ್ಟ ಹಾಕಿ, ಹೆಂಡಿರು ಮಕ್ಕಳು, ಸಸಿ, ಕೋಳಿ, ಹಂದಿಗಳ ಸಮೇತ ಹವಾಯಿ, ನ್ಯೂಜಿಲೆಂಡ್‌ಗಳವರೆಗೆ ಹೋಗಿ ನೆಲೆಸಿದರು. ಅದು ಸಾಧ್ಯವಿತ್ತೆಂದು ತೋರಿಸಲು 1976ರಲ್ಲಿ 'ಹೊಕುಲೆಯ' ಎಂಬ ಜೋಡಿದೋಣಿ, ದಿಕ್ಸೂಚಿಯಂಥ ಉಪಕರಣಗಳ ನೆರವಿಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ನೋಡಿಕೊಂಡು ಹವಾಯಿಯಿಂದ ತಾಹಿತಿ ತಲುಪಿತು.

ಪಶ್ಚಿಮದವರು ಇದನ್ನು ಒಪ್ಪಿಕೊಂಡದ್ದು ತಡವಾಗಿ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಷಾಫ್ 'ಅಮರಿಲ್ಲಿಸ್' ಎಂಬ ಎರಡು ಒಡಲಿನ ದೋಣಿಯನ್ನು ನ್ಯೂಯಾರ್ಕಿನ ಸ್ಪರ್ಧೆಗೆ ತಂದು ಉಳಿದ ದೋಣಿಗಳನ್ನು ಹಿಂದೆ ಹಾಕಿದ. ಸೋತವರು ತಕರಾರು ತೆಗೆದರು, ಅಂಥ ದೋಣಿಗೆ ಸ್ಪರ್ಧೆಯ ಬಾಗಿಲೇ ಮುಚ್ಚಿತು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಪ್ಲೈವುಡ್, ಆಮೇಲೆ ಫೈಬರ್ ಗ್ಲಾಸ್ ಬಂದ ಬಳಿಕವೇ ಈ ಮಾದರಿ ಮತ್ತೆ ತಲೆ ಎತ್ತಿತು. ಆಗ ಅದಕ್ಕೆ ಅಂಟಿಕೊಂಡದ್ದು ತಮಿಳು ಮೀನುಗಾರನ ತೆಪ್ಪದ ಹೆಸರು.

ಕಾಲು ಅಗಲಿಸಿ ನಿಂತ ಹಾಗೆ

ಓಡುವ ಬಸ್ಸಿನಲ್ಲಿ ನಿಂತವರು ತಾವಾಗಿಯೇ ಕಾಲು ಅಗಲಿಸುತ್ತಾರೆ. ಗರಡಿಯ ಪೈಲ್ವಾನ ಎದುರಾಳಿಯ ಮುಂದೆ ನಿಲ್ಲುವುದೂ ಹಾಗೆಯೇ. ತೊಗರಿ ಚೀಲ ಹೇರಿದ ಎತ್ತಿನ ಬಂಡಿ ಎರಡು ಗಾಲಿಗಳ ನಡುವಿನ ಅಂತರದ ಬಲದಿಂದಲೇ ಕೊರಕಲು ದಾರಿಯಲ್ಲಿ ಉರುಳದೆ ಸಾಗುತ್ತದೆ. ಎರಡು ಒಡಲಿನ ದೋಣಿ ಇದನ್ನೇ ನೀರಿನ ಮೇಲೆ ಮಾಡುತ್ತದೆ. ಗಾಳಿ ಅದನ್ನು ಎಡಕ್ಕೆ ತಳ್ಳಿತೆಂದುಕೊಳ್ಳೋಣ. ಎಡದ ಒಡಲು ತುಸು ಮುಳುಗಿದ ಕೂಡಲೇ ಅಲ್ಲಿನ ನೀರು ಅದನ್ನು ಬಲವಾಗಿ ಮೇಲಕ್ಕೆ ನೂಕುತ್ತದೆ. ನಡುಬಿಂದುವಿನಿಂದ ದೂರದಲ್ಲಿ ಕೊಟ್ಟ ತಳ್ಳು, ಸನ್ನೆಗೋಲಿನ ತುದಿಯಲ್ಲಿ ಕೊಟ್ಟ ತಳ್ಳಿನಂತೆ, ಹೆಚ್ಚು ಕೆಲಸ ಮಾಡುತ್ತದೆ. ಎರಡು ಒಡಲುಗಳ ಅಂತರವನ್ನು ಇಮ್ಮಡಿ ಮಾಡಿದರೆ ವಾಲುವುದನ್ನು ತಡೆಯುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ.

ಒಂದೇ ಒಡಲಿನ ಹಾಯಿದೋಣಿ ನೆಟ್ಟಗೆ ನಿಲ್ಲಲು ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರ ಹೊರಬೇಕು. ಸುಮಾರು 12 ಮೀಟರ್ ಉದ್ದದ ಅಂಥ ದೋಣಿ 4 ಮೀಟರ್ ಅಗಲವಿದ್ದು, ನೀರಿನೊಳಗೆ 2 ಮೀಟರ್‌ನಷ್ಟು ಇಳಿದಿರುತ್ತದೆ. ಗಾಳಿಗೆ ಅದು 15, 20 ಡಿಗ್ರಿ ವಾಲಿಕೊಂಡೇ ಓಡುತ್ತದೆ. ಒಲೆಯ ಮೇಲಿನ ಪಾತ್ರೆಯೂ ವಾಲುತ್ತದೆ, ಮಲಗಿದವರೂ ವಾಲುತ್ತಾರೆ. ಅಷ್ಟೇ ಉದ್ದದ ಎರಡು ಒಡಲಿನ ದೋಣಿಯ ಅಗಲ ಸುಮಾರು 7 ಮೀಟರ್. ನೀರಿನೊಳಗೆ ಇಳಿಯುವುದು ಸಾಮಾನ್ಯವಾಗಿ 1.2 ಮೀಟರಿನ ಆಸುಪಾಸು. ವಾಲುವುದು ಕೆಲವೇ ಡಿಗ್ರಿ. ಮೇಜಿನ ಮೇಲಿಟ್ಟ ಚಹಾದ ಲೋಟ ಅಲ್ಲೇ ಇರುತ್ತದೆ.

ಅಗಲ ಸಿಕ್ಕಿದ್ದರಿಂದ ದೋಣಿಯ ಮೇಲಿನ ನೆಲ, ಅಂದರೆ ಡೆಕ್, ಒಂದು ಸಣ್ಣ ಮನೆಯ ಅಂಗಳದಷ್ಟಾಯಿತು. ಆದರೆ ಸಮುದ್ರದ ನಡುವಿನ ಅಂಗಳವೆಂದರೆ ಅಲ್ಲಿ ಪ್ರತಿಯೊಂದು ವಸ್ತುವೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮನುಷ್ಯ ಎಲ್ಲಿ ಕಾಲಿಡುತ್ತಾನೆ? ಏನನ್ನು ಹಿಡಿಯುತ್ತಾನೆ? ಮೇಲೆ ಬಿದ್ದ ನೀರು ಎಲ್ಲಿಂದ ಹೋಗುತ್ತದೆ? ಮುಂದಿನಿಂದ ಹಿಂದಕ್ಕೆ ಒಂದು ಸುತ್ತು ಬಂದರೆ ಇದು ತಿಳಿಯುತ್ತದೆ.

ಮುಂದೆ ಹಲಗೆಯಲ್ಲ, ಬಲೆ

ದೋಣಿಯ ಮುಂಭಾಗದಲ್ಲಿ ಎರಡು ಮೂತಿಗಳು. ಅವನ್ನು ಬೆಸೆಯುವುದು ಗಟ್ಟಿಯಾದ ಒಂದು ಅಡ್ಡತೊಲೆ. ಸಾಮಾನ್ಯವಾಗಿ ಅದು ಅಲ್ಯೂಮಿನಿಯಂ ಕೊಳವೆ. ಮುಂದಿನ ಹಾಯಿಯನ್ನೂ ಕೂವೆಕಂಬವನ್ನೂ ಹಿಡಿದೆಳೆಯುವ ಉಕ್ಕಿನ ಹಗ್ಗ ಇದರ ನಡುವಿಗೆ ಬಂದು ಸೇರುತ್ತದೆ. ತೊಲೆ ಮೇಲಕ್ಕೆ ಬಾಗದಿರಲಿ ಎಂದು ಅದಕ್ಕೂ ಬಿಲ್ಲಿನ ಹೆದೆಯಂಥ ಬಿಗಿತವನ್ನು ಕೊಟ್ಟಿರುತ್ತಾರೆ.

ಎರಡು ಮೂತಿಗಳ ನಡುವಿನ ಜಾಗದಲ್ಲಿ ಹಲಗೆ ಇರುವುದಿಲ್ಲ, ದಪ್ಪ ದಾರದ ಬಲೆಯನ್ನು ಮಂಚದ ನವಾರಿನಂತೆ ಬಿಗಿದಿರುತ್ತಾರೆ. ಮೊದಲ ಬಾರಿ ನೋಡಿದವರಿಗೆ ಇದು ಮೋಜಿಗೆ ಮಾಡಿದ ಏರ್ಪಾಡೆಂದು ತೋರಬಹುದು. ಬಿಡುವಿನ ವೇಳೆ ಜನ ಅದರ ಮೇಲೆ ಮಲಗುವುದೂ ಉಂಟು. ನಿಜವಾದ ಕಾರಣ ಬೇರೆ. ಎದುರಿನ ಅಲೆ ಮುಂಭಾಗದ ಮೇಲೆ ಬಿದ್ದರೆ ಟನ್‌ಗಟ್ಟಲೆ ನೀರು ಒಮ್ಮೆಗೇ ಕುಳಿತುಕೊಳ್ಳುತ್ತದೆ. ಹಲಗೆ ಇದ್ದರೆ ಆ ಭಾರಕ್ಕೆ ಮೂತಿಗಳು ಕೆಳಗೆ ಕುಸಿದು ಮುಂದಿನ ಅಲೆಯೊಳಗೆ ನುಗ್ಗಬಹುದು. ಬಲೆಯಾದರೆ ನೀರು ಬಂದ ಹಾಗೆಯೇ ಸೋರಿಹೋಗುತ್ತದೆ, ಮೂತಿಗಳೂ ಹಗುರವಾಗಿ ಉಳಿಯುತ್ತವೆ. ಜರಡಿಯಲ್ಲಿ ನೀರು ನಿಲ್ಲುವುದಿಲ್ಲ ಎಂಬ ಅಡುಗೆಮನೆಯ ಸತ್ಯವೇ ಇಲ್ಲಿ ಪ್ರಾಣ ಕಾಯುತ್ತದೆ.

ಬಲೆಯ ಹಿಂದೆ ಲಂಗರಿನ ಸರಪಳಿಯ ಗೂಡು ಮತ್ತು ಅದನ್ನು ಮೇಲಕ್ಕೆಳೆಯುವ ವಿದ್ಯುತ್ ರಾಟೆ. ಈ ಭಾರವನ್ನು ತೀರ ಮುಂದಕ್ಕೆ ಇಡದಿರುವುದೂ ಮೂತಿಗಳನ್ನು ಹಗುರವಾಗಿಡಲೆಂದೇ. ಲಂಗರು ಹಾಕಿದ ಮೇಲೆ ಸರಪಳಿಗೆ ಎರಡು ಹಗ್ಗ ಕಟ್ಟಿ ಒಂದೊಂದನ್ನು ಒಂದೊಂದು ಮೂತಿಗೆ ಬಿಗಿಯುತ್ತಾರೆ. ಎತ್ತಿನ ಎರಡೂ ಕಡೆಯ ಮೂಗುದಾರ ಹಿಡಿದಂತೆ, ಆಗ ದೋಣಿ ಗಾಳಿಗೆ ಅತ್ತಿತ್ತ ತಲೆ ಹಾಕದೆ ನಿಲ್ಲುತ್ತದೆ.

ಹಿಡಿಯಲೊಂದು ಕಂಬಿ

ಎರಡೂ ಬದಿಗೆ, ನಡುವಿನ ಕೋಣೆಯ ಗೋಡೆಗೂ ದೋಣಿಯ ಅಂಚಿಗೂ ನಡುವೆ, ಹಿಂದಿನಿಂದ ಮುಂದಕ್ಕೆ ಹೋಗುವ ಓಣಿಗಳಿರುತ್ತವೆ. ಅಂಚಿನುದ್ದಕ್ಕೂ ಸ್ಟೀಲಿನ ಗೂಟ ನೆಟ್ಟು ಎರಡು ಸಾಲು ತಂತಿ ಎಳೆದ ಬೇಲಿ. ಅಂಚಿನಲ್ಲೇ ಕಾಲು ಜಾರದಂತೆ ತಡೆಯುವ ಸಣ್ಣ ಕಟ್ಟೆ. ಕಾಲಿಡುವ ಕಡೆಯೆಲ್ಲ ಮರಳು ಕಾಗದದಂತೆ ಒರಟಾದ ನೆಲ. ಕೋಣೆಯ ಛಾವಣಿಯ ಮೇಲೆ ಕೈಗೆ ಎಟಕುವ ಎತ್ತರದಲ್ಲಿ ಹಿಡಿಕಂಬಿ. ಒಂದು ಕೈ ದೋಣಿಗೆ, ಒಂದು ಕೈ ಕೆಲಸಕ್ಕೆ ಎಂಬುದು ನಾವಿಕರ ರೂಢಿಯ ನಿಯಮ. ಹಿಡಿಯಲು ಕಂಬಿ ಇಲ್ಲದ ಜಾಗದಲ್ಲಿ ಆ ನಿಯಮ ಬರಿಯ ಮಾತಾಗಿ ಉಳಿಯುತ್ತದೆ.

ಛಾವಣಿಯ ಮೇಲೆ ಕೂವೆಕಂಬ. ಅದರ ಬೆನ್ನಿಗೆ ದೊಡ್ಡ ಹಾಯಿ. ಛಾವಣಿ ಅಗಲವಾಗಿರುವುದರಿಂದ ಸೌರಫಲಕಗಳಿಗೆ ಅಲ್ಲಿ ಧಾರಾಳ ಜಾಗ. ದೀಪ, ತಂಪು ಪೆಟ್ಟಿಗೆ, ದಿಕ್ಕು ತೋರುವ ಉಪಕರಣಗಳಿಗೆ ವಿದ್ಯುತ್ ಬರುವುದು ಅಲ್ಲಿಂದ. ಡೆಕ್ಕಿನಲ್ಲಿ ಅಲ್ಲಲ್ಲಿ ಮುಚ್ಚಳವಿರುವ ಕಿಂಡಿಗಳು. ತೆರೆದರೆ ಒಳಗೆ ಗಾಳಿ, ಮುಚ್ಚಿದರೆ ನೀರು ಒಳಬಾರದು.

ಚುಕ್ಕಾಣಿ ಮತ್ತು ಜಗಲಿ

ನಡುವಿನ ಕೋಣೆಯ ಹಿಂದೆ, ಬಾಗಿಲು ದಾಟಿದರೆ ಅದೇ ಮಟ್ಟದಲ್ಲಿ ತೆರೆದ ಜಗಲಿ. ಮೇಲೆ ಸೂರು, ಸುತ್ತ ಆಸನ, ನಡುವೆ ಊಟದ ಮೇಜು. ಹಳ್ಳಿಯ ಮನೆಯ ಪಡಸಾಲೆಯಂತೆ ದಿನದ ಬದುಕೆಲ್ಲ ನಡೆಯುವುದು ಇಲ್ಲೇ. ನೆಲದಲ್ಲಿ ನೀರು ಹೊರಗೆ ಹೋಗಲು ದೊಡ್ಡ ತೂತುಗಳಿರುತ್ತವೆ.

ಚುಕ್ಕಾಣಿ ಹಿಡಿಯುವವನ ಜಾಗವನ್ನು ಮೂರು ರೀತಿಯಲ್ಲಿ ಇಡುವುದುಂಟು. ಕೆಲವರು ಎರಡು ಒಡಲುಗಳ ಹಿಂತುದಿಯಲ್ಲಿ ಒಂದೊಂದು ಚಕ್ರ ಇಡುತ್ತಾರೆ. ಅಲ್ಲಿಂದ ಹಾಯಿ ಚೆನ್ನಾಗಿ ಕಾಣುತ್ತದೆ, ಆದರೆ ಬಿಸಿಲು ಮಳೆಗೆ ಮರೆಯಿಲ್ಲ. ಕೆಲವರು ಸೂರಿನ ಮೇಲೆಯೇ ಕೂರಿಸುತ್ತಾರೆ. ಅಲ್ಲಿಂದ ನಾಲ್ಕು ದಿಕ್ಕೂ ಕಾಣುತ್ತದೆ, ಆದರೆ ಭಾರ ಮೇಲೇರುತ್ತದೆ, ಕೆಳಗಿನವರ ಸಂಪರ್ಕ ಕಡಿಮೆಯಾಗುತ್ತದೆ. ಇವೆರಡರ ನಡುವಿನದು, ಕೋಣೆಯ ಹಿಂಗೋಡೆಗೆ ಒತ್ತಿದ, ತುಸು ಎತ್ತರಿಸಿದ ಆಸನ. ಅಲ್ಲಿ ತಲೆ ಸೂರಿನ ಮೇಲಿಂದ ಇಣುಕುತ್ತದೆ, ಕಾಲು ಜಗಲಿಯ ಹತ್ತಿರವೇ ಇರುತ್ತದೆ. ಹಾಯಿಯ ಹಗ್ಗಗಳನ್ನೆಲ್ಲ ಈ ಆಸನದ ಪಕ್ಕದ ಉರುಳೆಗಳಿಗೆ ತಂದರೆ ಒಬ್ಬನೇ ಕುಳಿತು ದೋಣಿ ನಡೆಸಬಹುದು. ರಾತ್ರಿ ಮಳೆಯಲ್ಲಿ ಕೂವೆಕಂಬದ ಬುಡಕ್ಕೆ ಓಡುವ ಅಪಾಯ ತಪ್ಪುತ್ತದೆ.

ಎರಡು ಒಡಲಿಗೂ ಒಂದೊಂದು ಎಂಜಿನ್, ಒಂದೊಂದು ಚುಕ್ಕಾಣಿ ಹಲಗೆ. ಒಂದು ಎಂಜಿನ್ ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ನಡೆಸಿದರೆ ದೋಣಿ ನಿಂತ ಜಾಗದಲ್ಲೇ ತಿರುಗುತ್ತದೆ. ಹರಿಗೋಲು ತಾನಾಗಿಯೇ ಸುತ್ತುತ್ತಿತ್ತು. ಇದು ನಡೆಸುವವನ ಇಚ್ಛೆಯಂತೆ ಸುತ್ತುತ್ತದೆ.

ತೀರ ಹಿಂದೆ, ಎರಡು ಒಡಲಿನ ತುದಿಯಲ್ಲೂ ನೀರಿನ ಮಟ್ಟದವರೆಗೆ ಇಳಿಯುವ ಮೆಟ್ಟಿಲುಗಳು, ಕೊನೆಯಲ್ಲಿ ಮಡಚುವ ಏಣಿ. ನದಿಯ ಘಾಟಿನ ಸೋಪಾನಗಳ ಹಾಗೆ. ನೀರಿಗೆ ಬಿದ್ದವರನ್ನು ಮೇಲೆತ್ತಲು ಇದಕ್ಕಿಂತ ಒಳ್ಳೆಯ ಜಾಗ ದೋಣಿಯಲ್ಲಿಲ್ಲ. ಎರಡು ಮೆಟ್ಟಿಲುಗಳ ನಡುವೆ, ಎರಡು ತೋಳುಗಳಿಗೆ ತೂಗುಹಾಕಿದ ಸಣ್ಣ ರಬ್ಬರ್ ದೋಣಿ. ದಡಕ್ಕೆ ಹೋಗಿಬರಲು ಅದೇ ವಾಹನ.

ವಾಲದಿರುವುದರ ಅಪಾಯ

ಇಷ್ಟೆಲ್ಲ ಅನುಕೂಲಕ್ಕೆ ಬೆಲೆಯೂ ಉಂಟು. ಒಂದೇ ಒಡಲಿನ ದೋಣಿ ಗಾಳಿ ಹೆಚ್ಚಿದಾಗ ವಾಲಿ ಎಚ್ಚರಿಸುತ್ತದೆ. ಎರಡು ಒಡಲಿನ ದೋಣಿ ಕೊನೆಯವರೆಗೂ ನೆಟ್ಟಗೇ ಇರುತ್ತದೆ. ಹಾಗಾಗಿ ಅದನ್ನು ನಡೆಸುವವರು ಮೈಗೆ ಅನಿಸಿದ್ದನ್ನು ನಂಬದೆ ಗಾಳಿಯ ವೇಗ ತೋರುವ ಉಪಕರಣವನ್ನು ನೋಡಿ, ಇಷ್ಟು ಗಾಳಿಗೆ ಇಷ್ಟೇ ಹಾಯಿ ಎಂದು ಮೊದಲೇ ಲೆಕ್ಕ ಹಾಕಿ ಹಾಯಿ ಇಳಿಸಬೇಕು. ತಳದಲ್ಲಿ ಭಾರ ಹೊತ್ತ ದೋಣಿ ಬಿದ್ದರೂ ಮತ್ತೆ ಏಳುತ್ತದೆ. ಇದು ಒಮ್ಮೆ ಪೂರ್ತಿ ಮಗುಚಿದರೆ ತಾನಾಗಿ ಏಳುವುದಿಲ್ಲ. ಆದರೆ ಭಾರವಿಲ್ಲದ್ದರಿಂದ ಸಾಮಾನ್ಯವಾಗಿ ಮುಳುಗದೆ ತಲೆಕೆಳಗಾಗಿ ತೇಲುತ್ತದೆ. ಅಂಥ ಹೊತ್ತಿಗೆಂದೇ ಒಡಲಿನ ಒಳಬದಿಯ ಗೋಡೆಯಲ್ಲಿ ಹೊರಬರುವ ಕಿಂಡಿ ಇಟ್ಟಿರುತ್ತಾರೆ. ಗಾಳಿ ತುಂಬುವ ಜೀವರಕ್ಷಕ ತೆಪ್ಪವನ್ನೂ ದೋಣಿ ನೆಟ್ಟಗಿದ್ದಾಗ ಮಾತ್ರವಲ್ಲ, ಮಗುಚಿದಾಗಲೂ ಕೈಗೆ ಸಿಗುವ ಕಡೆ ಇಡುತ್ತಾರೆ.

ಭಾರದ ವಿಷಯದಲ್ಲೂ ಇದು ಸೂಕ್ಷ್ಮ. ನಡುವಿನ ಕೋಣೆಯ ತಳಕ್ಕೂ ನೀರಿಗೂ ನಡುವೆ ಸಾಕಷ್ಟು ಅಂತರ ಬೇಕು. ಜಾಗ ಇದೆಯಲ್ಲಾ ಎಂದು ಸಾಮಾನು ತುಂಬಿದರೆ ದೋಣಿ ಕುಸಿದು ಅಂತರ ಕಡಿಮೆಯಾಗಿ, ಅಲೆಗಳು ಕೆಳಗಿನಿಂದ ಸುತ್ತಿಗೆಯಂತೆ ಬಡಿಯತೊಡಗುತ್ತವೆ. ಅಗಲ ಅಭಯ ಕೊಡುತ್ತದೆ, ಆದರೆ ಲೆಕ್ಕ ತಪ್ಪಿದವರನ್ನು ಅಗಲವೂ ಕಾಯುವುದಿಲ್ಲ.

ನಮ್ಮ ನೀರಿಗೆ ಬಂದಾಗ

ಎರಡು ಒಡಲಿನ ಮಾದರಿ ಶ್ರೀಮಂತರ ವಿಹಾರಕ್ಕೆ ಮಾತ್ರ ಮೀಸಲಾಗಿ ಉಳಿದಿಲ್ಲ. 2012ರ ಸೆಪ್ಟೆಂಬರ್ 21ರಂದು ಕಾರವಾರದ ನೌಕಾನೆಲೆಯಲ್ಲಿ ಸೇವೆಗೆ ಸೇರಿದ ಐಎನ್ಎಸ್ ಮಕರ್, ಸಮುದ್ರದ ಆಳ ಅಳೆಯುವ ಎರಡು ಒಡಲಿನ ನೌಕೆ. ಗುಜರಾತಿನ ಆಲ್ಕಾಕ್ ಆ್ಯಶ್‌ಡೌನ್ ಕಂಪನಿ ಅದನ್ನು ಕಟ್ಟಿತು. ಆಳ ಅಳೆಯುವ ಕೆಲಸಕ್ಕೆ ಅಲುಗದ ನೆಲ ಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಜನವರಿಯಲ್ಲಿ ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ ಓಡಾಟ ಆರಂಭಿಸಿದ 75 ಆಸನಗಳ 'ಆದಿತ್ಯ' ಸೌರದೋಣಿಯೂ ಎರಡು ಒಡಲಿನದು. ಅದರ ಅಗಲ ಛಾವಣಿಯೇ ಅದರ ವಿದ್ಯುತ್ ಗಣಿ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿಯ ಜಲ ಮೆಟ್ರೊ ದೋಣಿಗಳೂ ಇದೇ ಮಾದರಿಯವು. ಅಲ್ಲಿ ದೋಣಿಗಟ್ಟೆಯೂ ನೀರಿನೊಂದಿಗೆ ಏರಿಳಿಯುತ್ತದೆ. ದೋಣಿಯ ನೆಲ, ಕಟ್ಟೆಯ ನೆಲ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿಯವರೂ ಹತ್ತಬಹುದು.

ಇದು ಏಕೆ ಮುಖ್ಯವೆಂದು ತಿಳಿಯಲು ದುರಂತಗಳ ಕಡೆಗೂ ನೋಡಬೇಕು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ದಡದ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದು ಅದಕ್ಕೆ ಒಂದು ಕಾರಣವಾಗಿತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯ್ದೆ ಯಂತ್ರದೋಣಿಗಳಿಗೆ ತಪಾಸಣೆ, ನೋಂದಣಿಗಳನ್ನು ವಿಧಿಸಿದೆ. ಹುಟ್ಟು ಹಾಕುವ ದೋಣಿಗಳ ದಾಖಲೆಯನ್ನು ಸ್ಥಳೀಯ ಆಡಳಿತದ ಹೊಣೆಗೆ ಬಿಟ್ಟಿದೆ. ಕಾಗದದ ಕಾಯ್ದೆ ದಂಡೆಯವರೆಗೆ ಬರಬೇಕಾದರೆ ದೋಣಿ ಹತ್ತುವವರಿಗೂ ನೋಡುವ ಕಣ್ಣು ಬೇಕು.

ನೋಡಬೇಕಾದ್ದು ಹೆಚ್ಚೇನಿಲ್ಲ. ದೋಣಿ ಅಗಲವಾಗಿದೆಯೇ, ಕಿರಿದೇ? ಭಾರ ತಳದಲ್ಲಿದೆಯೇ, ಮೇಲಿದೆಯೇ? ಹಿಡಿಯಲು ಕಂಬಿಯೋ ಹಗ್ಗವೋ ಇದೆಯೇ? ಒಳಗೆ ಬಂದ ನೀರು ಹೊರಹೋಗಲು ದಾರಿ ಇದೆಯೇ? ಜೀವರಕ್ಷಕ ಅಂಗಿಗಳು ಮೈಮೇಲಿವೆಯೇ, ಎಲ್ಲೋ ಮೂಲೆಯಲ್ಲಿ ಕಟ್ಟಿಟ್ಟಿವೆಯೇ? ಅಮಾವಾಸ್ಯೆ ಹುಣ್ಣಿಮೆಗಳಂದು ಗಾಣಗಾಪುರದ ಸಂಗಮಕ್ಕೆ, ಘತ್ತರಗಿಯ ಭಾಗ್ಯವಂತಿಯ ಗುಡಿಗೆ ಭೀಮೆಯ ದಂಡೆಯಲ್ಲಿ ಸಾವಿರಾರು ಜನ ಸೇರುತ್ತಾರೆ. ಸೇತುವೆಗಳೂ ಬ್ಯಾರೇಜುಗಳೂ ಬಂದು ದಿನನಿತ್ಯದ ದಾಟುವಿಕೆ ಸುಲಭವಾಗಿದೆ. ಆದರೆ ಪ್ರವಾಹದ ದಿನ ಆ ಸೇತುವೆಗಳ ಮೇಲಿನ ಸಂಚಾರವೇ ನಿಂತು, ಜನರ ಪ್ರಾಣ ಮತ್ತೆ ದೋಣಿಯ ಕೈಗೆ ಬರುತ್ತದೆ.

ಈ ತತ್ವವನ್ನು ಅಂಬಿಗರು ಲೆಕ್ಕವಿಲ್ಲದೆಯೂ ಬಲ್ಲರು. ಹರಿಗೋಲಿಗೆ ಜನರನ್ನು ಹತ್ತಿಸಿಕೊಳ್ಳುವಾಗ ಅಂಬಿಗ ಎಲ್ಲರನ್ನೂ ಒಂದೇ ಕಡೆ ಕೂರಿಸುವುದಿಲ್ಲ. ಬುಟ್ಟಿಯ ಅಂಚಿಗೆ ಸುತ್ತಲೂ, ಎದುರುಬದುರಾಗಿ, ದಪ್ಪನೆಯವರ ಎದುರು ದಪ್ಪನೆಯವರನ್ನೇ ನೋಡಿ ಕೂರಿಸುತ್ತಾನೆ. ದಡ ಮುಟ್ಟುವವರೆಗೆ ಯಾರೂ ಏಳಬೇಡಿ ಎನ್ನುತ್ತಾನೆ.